ಕಿವಿ, ಮೂಗು ಮತ್ತು ಸೋಮಾರಿ ಇಂಧನ

ಮೊದಲ ಸಲ ನೋಡಿದಾಗ ಆ ಮನುಷ್ಯ ಡ್ಯೂಟಿಯಲ್ಲಿ ನಿದ್ದೆ ಹೊಡೆಯುತ್ತಿದ್ದಾನೆ ಅಂದುಕೊಂಡೆ.

ಕಣ್ಣು ಮುಚ್ಚಿತ್ತು. ನಿಧಾನಕ್ಕೆ ಓಡುತ್ತಿದ್ದ ಎಂಜಿನ್ನಿನ ಪಕ್ಕ ಬಗ್ಗಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದರು. ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ! ನನ್ನ ಕೈಯಲ್ಲೋ ಬಯೋಡೀಸೆಲ್ ತುಂಬಿದ ಕ್ಯಾನು. ತಳ್ಳುವ ಗಾಡಿಯ ಚಕ್ರ ಮುರಿದಿದ್ದರಿಂದ ಅದನ್ನು ಅಂಗಳದ ಆ ತುದಿಯಿಂದ ಈ ತುದಿಗೆ ಹೊತ್ತು ತಂದಿದ್ದೆ. ತೋಳು ಕಿತ್ತು ಬರುತ್ತಿತ್ತು.

"ರೀ ಸ್ವಾಮಿ, ನಿದ್ದೆ ಆಯ್ತಾ?" ಅಂತ ಕೂಗಿದೆ.

ಕಣ್ಣು ತೆರೆಯದೆಯೇ ತುಟಿಯ ಮೇಲೆ ಬೆರಳಿಟ್ಟರು. "ಶ್... ಸ್ವಲ್ಪ ಇರಿ. ಅದೇನೋ ಹೇಳ್ತಿದೆ."

"ಯಾವುದು?"

"ಎಂಜಿನ್ನು."

"ಏನಂತೆ ಅದರ ಗೋಳು?"

"ಹೊಟ್ಟೆ ಹಸೀತಿದೆಯಂತೆ." ಈಗ ಕಣ್ಣು ತೆರೆದರು. ನನ್ನನ್ನು ನೋಡಿದರು, ಕ್ಯಾನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ನೀವು ತಂದಿರೋದು ಅದರ ಊಟ ತಾನೇ? ಇಷ್ಟು ಹೊತ್ತು ಮಾಡಿದ್ರೆ ಪಾಪ, ಅದಾದ್ರೂ ಏನು ಮಾಡುತ್ತೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಅಷ್ಟು ಕನಿಕರ ಇದ್ರೆ ನೀವೇ ಬಂದು ಹೊತ್ಕೊಂಡು ಬನ್ನಿ," ಎಂದು ಕ್ಯಾನನ್ನು ಅವರ ಕಾಲ ಬುಡದಲ್ಲಿ ಕುಕ್ಕಿ ಹಿಂತಿರುಗಿ ನೋಡದೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ನನ್ನ ಶೆಡ್ಡಿನ ಬಾಗಿಲಲ್ಲಿ ಅವರೇ ನಿಂತಿದ್ದರು. "ಊಟ ತಗೊಂಡು ಹೋಗೋಕೆ ಬಂದೆ," ಎಂದರು, ಶಾಲೆಗೆ ತಡವಾಗಿ ಬಂದ ಹುಡುಗನ ಮುಖ ಹೊತ್ತುಕೊಂಡು. ನಗು ತಡೆಯಲು ನಾನು ಗೋಡೆಯ ಕಡೆ ತಿರುಗಬೇಕಾಯಿತು. ಆವತ್ತಿನಿಂದ ದಿನಾ ಅವರೇ ಬಂದರು. ಗಾಡಿಯ ಚಕ್ರ ಸರಿಯಾದ ಮೇಲೂ.

ನಮ್ಮದು ಹೊಸ ಇಂಧನಗಳನ್ನು ಪರೀಕ್ಷಿಸುವ ಪ್ರಯೋಗಶಾಲೆ. ಆಗ ಅಮೋನಿಯಾದಿಂದ ಎಂಜಿನ್ ಓಡಿಸುತ್ತೇವೆ ಅಂದರೆ ಜನ ನಗುತ್ತಿದ್ದರು. "ಕಕ್ಕಸು ತೊಳೆಯೋ ವಾಸನೆ ಅಲ್ವಾ ಅದು?" ಎಂದು ನನ್ನ ಅತ್ತಿಗೆಯೇ ಕೇಳಿದ್ದಳು. ಅವಳಿಗೆ ನಾನು ಅಡುಗೆಮನೆಯಲ್ಲಿ ಕೂತು ವಿವರಿಸಿದ್ದು ಇನ್ನೂ ನೆನಪಿದೆ. ಅಮೋನಿಯಾದಲ್ಲಿ ಇಂಗಾಲ ಇಲ್ಲ ಅತ್ತಿಗೆ, ಹಾಗಾಗಿ ಅದು ಉರಿದರೆ ಕರಿ ಹೊಗೆ ಬರಲ್ಲ. ಆದರೆ ಅದು ಮಹಾ ಸೋಮಾರಿ. ಕುಂಭಕರ್ಣ. ಬೆಂಕಿ ಹಚ್ಚಿದರೂ ಬೇಗ ಏಳಲ್ಲ. ಅದನ್ನ ಎಬ್ಬಿಸೋಕೆ ಚೂರೇ ಚೂರು ಬಯೋಡೀಸೆಲ್ ಬೇಕು. ಅದು ತಟ್ಟನೆ ಹತ್ತಿಕೊಳ್ಳುತ್ತೆ, ಆ ಬಿಸಿಗೆ ಇದೂ ಎದ್ದು ಉರಿಯುತ್ತೆ.

"ಅಂದ್ರೆ ನಿಮ್ಮಣ್ಣನೂ ನಾನೂ ಇದ್ದ ಹಾಗೆ," ಎಂದಳು ಅತ್ತಿಗೆ, ಚಪಾತಿ ಹಿಟ್ಟಿಗೆ ಒಂದು ಗುದ್ದು ಕೊಟ್ಟು. ಒಳಗಿನ ಕೋಣೆಯಿಂದ ಅಣ್ಣ, "ಕೇಳಿಸ್ತು!" ಅಂದ. ಏಳಲಿಲ್ಲ.

ಆ ಎಬ್ಬಿಸುವ ಬಯೋಡೀಸೆಲ್ ಮಾಡುವುದು ನನ್ನ ಕೆಲಸ. ಸುತ್ತಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆ ನಮ್ಮ ಶೆಡ್ಡಿಗೆ ಬರುತ್ತಿತ್ತು. ಸೋಸಿ, ಕಾಯಿಸಿ, ತೊಳೆದು, ನೀರಿನ ಪಸೆ ಆರಿಸಿ ಅದನ್ನು ಇಂಧನ ಮಾಡುತ್ತಿದ್ದೆ. ಡಬ್ಬದ ಮುಚ್ಚಳ ತೆಗೆದರೆ ಸಾಕು, ಇದು ಮೀನು ಕರಿದದ್ದು, ಇದು ಸಿಹಿ ಅಂಗಡಿಯದು ಅಂತ ಹೇಳಿಬಿಡುತ್ತಿದ್ದೆ. ಸಂಜೆ ಮನೆಗೆ ಹೋದರೆ ಅತ್ತಿಗೆ ಬಾಗಿಲಲ್ಲೇ ತಡೆಯುತ್ತಿದ್ದಳು. "ಮೊದಲು ತಲೆಗೆ ನೀರು ಹಾಕ್ಕೊಳ್ಳೇ. ಮಾತು ಆಮೇಲೆ."

ಈ ಮೂಗಿನ ಸುದ್ದಿ ನಮ್ಮ ಹೆಡ್ ಮೇಡಮ್ಮಿನ ಕಿವಿಗೆ ಬಿತ್ತು. ಮಂಡಿನೋವಿನ ಹೆಂಗಸು, ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ, ಆದರೆ ಮಾತಿನಲ್ಲಿ ಚಟಾಕಿ ತಪ್ಪುತ್ತಿರಲಿಲ್ಲ. "ಇನ್ಮೇಲೆ ಮಧ್ಯಾಹ್ನದವರೆಗೆ ಎಂಜಿನ್ ಕೋಣೆಯಲ್ಲಿರು," ಎಂದರು ನನಗೆ. "ಅಲ್ಲಿ ಒಬ್ಬ ಕಿವಿ ಇದ್ದಾನೆ. ನೀನು ಮೂಗು. ಇನ್ನೊಂದು ಗಂಟಲು ಸಿಕ್ಕಿಬಿಟ್ರೆ ಆಸ್ಪತ್ರೆನೇ ತೆಗೀಬಹುದು."

ಅಷ್ಟೇ, ಹೆಸರು ಬಿದ್ದುಹೋಯಿತು. ಅವರು ಕಿವಿ, ನಾನು ಮೂಗು. ಸಂಬಳದ ದಿನ ಬಿಟ್ಟರೆ ಯಾರೂ ನಮ್ಮ ನಿಜವಾದ ಹೆಸರು ಹಿಡಿದು ಕರೆದದ್ದಿಲ್ಲ.

ಆ ಕೋಣೆಯಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ಕಟ್ಟಳೆ. ಅಮೋನಿಯಾ ಸೋರಿದ ಅನುಮಾನ ಯಾರಿಗೆ ಬಂದರೂ "ವಾಸನೆ!" ಅಂತ ಕೂಗಬೇಕು. ಕೂಗಿದ್ದೇ ತಡ, ಕಿವಿಯವರು ಅಮೋನಿಯಾ ಹರಿಸುವ ಕೆಂಪು ವಾಲ್ವ್ ಮುಚ್ಚುತ್ತಾರೆ, ಎಂಜಿನ್ ನಿಲ್ಲುತ್ತದೆ, ಎಲ್ಲರೂ ಹೊರಗೆ. ಹೌದಾ, ನಿಜವಾ ಅಂತ ಕೇಳುವ ಹಾಗಿಲ್ಲ. ಸೋರಿಕೆ ತೋರಿಸುವ ಮೀಟರ್ ಏನನ್ನುತ್ತೆ ಅಂತ ನೋಡುತ್ತ ನಿಲ್ಲುವ ಹಾಗಿಲ್ಲ. ಅಂಗಳದ ಕಂಬದಲ್ಲಿ ಗಾಳಿಚೀಲ ಯಾವ ಕಡೆ ಹಾರುತ್ತಿದೆ ನೋಡಿ, ಗಾಳಿ ಬರುವ ಕಡೆಯ ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ಒಳಗಿನ ಗಾಳಿ ತಿಳಿಯಾಗುವವರೆಗೆ ಕಾಯಬೇಕು.

ಮೊದಲ ತಿಂಗಳುಗಳಲ್ಲಿ ಎಲ್ಲಿ ನೋಡಿದರೂ ಸೋರಿಕೆ. ಇಲ್ಲೊಂದು ವಾಷರ್ ಹೋಯಿತು, ಅಲ್ಲೊಂದು ಜೋಡಣೆ ಸಡಿಲವಾಯಿತು. ದಿನಕ್ಕೆ ಎರಡು ಮೂರು ಸಲ ಗೋಡೆಯ ಪಕ್ಕ. ಮೇಡಂ ತಮ್ಮ ಮಂಡಿಯ ಕಾರಣ ದೂರದ ಕಲ್ಲು ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ಗೋಡೆಯ ಬಳಿ ಉಳಿಯುತ್ತಿದ್ದವರು ನಾವಿಬ್ಬರೇ.

ಒಳಗೆ ಹತ್ತು ಮಾತಾಡಿದರೆ ಹೆಚ್ಚು ಅನ್ನುವ ಆ ಮನುಷ್ಯ ಹೊರಗೆ ಬಂದರೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದರು. ಅವರನ್ನು ಸಾಕಿದ್ದು ಚಿಕ್ಕಮ್ಮ. ಬಟ್ಟೆ ಹೊಲಿಯುವ ಅಂಗಡಿ ಅವರದ್ದು. ಇವರು ಚಿಕ್ಕವರಿದ್ದಾಗ ಪಕ್ಕದ ಕೋಣೆಯಲ್ಲಿ ಪಾಠ ಓದುತ್ತಲೇ, "ಚಿಕ್ಕಮ್ಮಾ, ಮೂಲೆ ಮಿಷನ್ನಿಗೆ ಎಣ್ಣೆ ಬೇಕು," ಅಂತ ಕೂಗುತ್ತಿದ್ದರಂತೆ.

"ಎಣ್ಣೆ ಬೇಕಿತ್ತಾ ನಿಜವಾಗ್ಲೂ?"

"ಬೇಕಿತ್ತು. ಆದ್ರೆ ಚಿಕ್ಕಮ್ಮ ಮೊದಲು ನನ್ನ ಕಿವಿ ಹಿಂಡೋರು, ಓದೋ ಹೊತ್ತಲ್ಲಿ ಇದನ್ನ ಕೇಳ್ತೀಯಾ ಅಂತ. ಅದಕ್ಕೇ ನೋಡಿ, ಹೀಗೆ ದೊಡ್ಡದಾಗಿರೋದು."

ನೋಡಿದೆ. ದೊಡ್ಡದೇ. ಹಿಂದಿನಿಂದ ಬಿಸಿಲು ಬಿದ್ದು ಕಿವಿಯ ಅಂಚು ಕೆಂಪಗೆ ಹೊಳೆಯುತ್ತಿತ್ತು. ನಾನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದೆ ಅಂತ ಅವರಿಗೂ ಗೊತ್ತಾಯಿತು. ಆ ಕೆಂಪು ಇನ್ನಷ್ಟು ಕೆಂಪಾಯಿತು.

ಇಂಥ ಕಿವಿ ಇಟ್ಟುಕೊಂಡು ಹಾಡೋದಾದರೂ ಬರಬೇಡವೇ? ಸುಡುಗಾಡು, ಒಂದು ಸಾಲೂ ಶ್ರುತಿಯಲ್ಲಿ ನಿಲ್ಲದು. ಅವರ ಮೂಗಿನ ಕಥೆ ಅದಕ್ಕಿಂತ ಕಡೆ. ನನ್ನ ಶೆಡ್ಡಿಗೆ ಬಂದು, "ಆಹಾ, ಏನು ಘಮಘಮ!" ಅಂತ ಹಾಲು ಉಕ್ಕಿ ಸೀದ ಪಾತ್ರೆಯನ್ನು ಹೊಗಳಿದ ಪುಣ್ಯಾತ್ಮ ಅವರು.

ಹಾಗಿರುವಾಗ ಒಂದು ಬೆಳಿಗ್ಗೆ ಎಂಜಿನ್ ಹೊಟ್ಟೆ ತುಂಬಿದ ಮಗುವಿನ ಹಾಗೆ ತನ್ನ ಪಾಡಿಗೆ ಓಡುತ್ತಿದೆ, ಗಾಳಿ ತಿಳಿಯಾಗಿದೆ, ಇದ್ದಕ್ಕಿದ್ದ ಹಾಗೆ ಅವರು ಕೂಗಿದರು. "ವಾಸನೆ!"

ನಾನು ಉಸಿರೆಳೆದುಕೊಂಡೆ. ಏನೂ ಇಲ್ಲ. ಇನ್ನೊಮ್ಮೆ ಎಳೆದುಕೊಂಡೆ. ಮೇಡಂ ಹಚ್ಚಿಕೊಂಡಿದ್ದ ಮಂಡಿನೋವಿನ ಮುಲಾಮು, ನನ್ನ ತಲೆಯ ಎಣ್ಣೆ, ಅಷ್ಟೇ. ಅವರ ಕಡೆ ನೋಡಿದೆ. ಅವರು ಮಾತ್ರ ನನ್ನ ಕಡೆ ಬಿಟ್ಟು ಪ್ರಪಂಚದ ಬೇರೆಲ್ಲ ಕಡೆ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಮೇಡಂ ಬೆಂಚಿನಿಂದಲೇ ಕೇಳಿದರು. "ಮೂಗೂ, ನಿನಗೂ ಬಂತೇನೇ?"

"ಬಂತು ಮೇಡಂ. ಒಂಚೂರು," ಅಂದೆ.

ಯಾಕಂದೆ ಅಂತ ಕೇಳಬೇಡಿ. ಬಾಯಿಗೆ ಬಂತು, ಅಂದೆ. ಕಿವಿಯವರು ಗೋಡೆಯ ಕಡೆ ತಿರುಗಿ, ಮೆಲ್ಲಗೆ, "ನಿಜವಾಗ್ಲೂ ಬಂತಾ?" ಎಂದು ಕೇಳಿದರು.

"ನಿಮಗೆ ಬಂದಿತ್ತಲ್ಲ? ನಿಮಗೆ ಬಂದದ್ದು ನನಗೆ ಬರದೇ ಇರುತ್ತಾ?"

ಅವರು ಕೆಮ್ಮಿದರು. ಜೇಬಿನಿಂದ ಹುರಿದ ಕಡಲೆಬೀಜದ ಪೊಟ್ಟಣ ತೆಗೆದರು. ಮೊದಲೇ ತಂದಿಟ್ಟುಕೊಂಡಿದ್ದರು, ಕಳ್ಳ! ಇಬ್ಬರೂ ಮೇಡಮ್ಮಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ, ಸಿಪ್ಪೆ ಬಿಡಿಸುತ್ತ, ಭುಜ ಕುಲುಕುವ ಹಾಗೆ ನಕ್ಕೆವು. ಅವರ ಬೆರಳು ನನ್ನ ಅಂಗೈಗೆ ತಾಗಿತು. ಕಡಲೆಬೀಜ ಕೊಡುವಾಗ ತಾಗಲೇಬೇಕು ಅಂತೇನಿಲ್ಲ.

ಇದು ಇನ್ನೆರಡು ಸಲ ನಡೆಯಿತು. ಮೂರನೆಯದಕ್ಕೆ ಮೇಡಂ ಬೆಂಚಿನ ಕಡೆ ಹೋಗಲಿಲ್ಲ. ಮಂಡಿ ಹಿಡಿದುಕೊಂಡು ನೇರವಾಗಿ ಗೋಡೆಯ ಹತ್ತಿರ ಬಂದರು.

"ಅಲ್ರಪ್ಪ, ನಮ್ಮ ಅಮೋನಿಯಾ ಸರಿಯಾಗಿ ಟೀ ಹೊತ್ತಿಗೇ ಸೋರುತ್ತಲ್ಲ, ಅದಕ್ಕೂ ಕ್ಯಾಂಟೀನಿಗೂ ಏನಾದ್ರೂ ನೆಂಟಸ್ತನ ಇದೆಯಾ?"

ನಾವು ನೆಲ ನೋಡಿದೆವು. ಆಮೇಲೆ ಅವರ ದನಿಯೇ ಬದಲಾಯಿತು.

"ನೋಡಿ, ಆ ಕೋಣೆಯಲ್ಲಿ ಒಂದೇ ಒಂದು ಮಾತಿಗೆ ನಾನು ಸಾಕ್ಷಿ ಕೇಳಲ್ಲ. ಆ ಮಾತನ್ನ ನಂಬ್ಕೊಂಡೇ ನಾವೆಲ್ಲ ಒಳಗೆ ನಿಲ್ಲೋದು. ಅದನ್ನೇ ನೀವು ಸವೆಸಿಬಿಟ್ರೆ, ನಾಳೆ ನಿಜವಾಗಿ ಸೋರಿದಾಗ ನನ್ನ ಕೈಯಲ್ಲಿ ಏನು ಉಳಿಯುತ್ತೆ? ಮಾತಾಡ್ಬೇಕು ಅನ್ನಿಸಿದ್ರೆ ಕ್ಯಾಂಟೀನಲ್ಲಿ ಕೂತು ಮಾತಾಡಿ. ಯಾರು ಬೇಡ ಅಂತಾರೆ?"

ನಾಚಿಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಆಟ ಅಲ್ಲಿಗೆ ನಿಂತಿತು. ಕ್ಯಾಂಟೀನಿಗಾದರೂ ಹೋಗಬಹುದಿತ್ತು, ಹೋಗಲಿಲ್ಲ. ಗೋಡೆಯ ಪಕ್ಕ ಸಲೀಸಾಗಿ ಬರುತ್ತಿದ್ದ ಮಾತು, ಮೇಜಿನ ಎದುರು ಬದುರು ಕೂತು ಆಡಬೇಕು ಅಂದಾಗ ಇಬ್ಬರಿಗೂ ಬಾರದಾಯಿತು.

ಇನ್ನೊಂದು ಕಡೆ ಎಂಜಿನ್ ಸುಧಾರಿಸುತ್ತ ಬಂತು. ಬಯೋಡೀಸೆಲ್ ಎಷ್ಟು, ಯಾವ ಗಳಿಗೆಗೆ ಎಂಬ ಹದ ಅವರ ಕಿವಿಗೆ ಸಿಕ್ಕಿತು. ಬಯೋಡೀಸೆಲ್ ಕಡಿಮೆಯಾದರೆ ಅಮೋನಿಯಾ ಉರಿಯದೆ ಹಾಗೇ ಹೊಗೆಕೊಳವೆಯಿಂದ ಆಚೆ ಹೋಗಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಜಾಸ್ತಿಯಾದರೆ ಅಷ್ಟೆಲ್ಲ ಕಷ್ಟಪಟ್ಟು ಅಮೋನಿಯಾ ತಂದು ಏನು ಬಂತು? ಈಗ ಮುಕ್ಕಾಲಿಗೂ ಮಿಕ್ಕಿ ಅಮೋನಿಯಾದಲ್ಲೇ ಎಂಜಿನ್ ಗುಡುಗುಡು ಅಂತ ಓಡತೊಡಗಿತು. ಹೊಗೆಗೆ ಬಣ್ಣವೇ ಇರಲಿಲ್ಲ. ಬಿಳಿ ಕರವಸ್ತ್ರ ಹಿಡಿದು ತೋರಿಸುತ್ತಿದ್ದರು ಮೇಡಂ, ಕಲೆ ಇಲ್ಲ ಅಂತ. ಸೋರಿಕೆಯೂ ನಿಂತಿತು. ನಾವು ಗೋಡೆಯ ಹತ್ತಿರ ಹೋಗುವ ಕಾರಣವೇ ಇಲ್ಲವಾಯಿತು. ಎಲ್ಲರೂ ಖುಷಿಪಡುವ ಹೊತ್ತಿಗೆ ನನಗೆ ಮಾತ್ರ ಆ ಹಳೆಯ ಸಡಿಲ ಜೋಡಣೆಗಳ ನೆನಪಾಗುತ್ತಿತ್ತು. ಎಂಥ ಸುಖದ ಸೋರಿಕೆಗಳಪ್ಪ ಅವು!

ಆಮೇಲೆ ಬಂದರು ಫೆರಿ ಕಂಪನಿಯ ಕೋಟಿನವರು. ಜನರನ್ನು ನೀರು ದಾಟಿಸುವ ದೊಡ್ಡ ದೋಣಿಗೆ ನಮ್ಮ ಎಂಜಿನ್ ಹಾಕುವ ಮಾತು. ಅವರ ಷರತ್ತು ಒಂದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಕಣ್ಣೆದುರು ಒಂದು ಸಲವೂ ನಿಲ್ಲದೆ ಓಡಬೇಕು. ಓಡಿದರೆ ಎಂಜಿನ್ ದೂರದ ಬಂದರಿಗೆ ಹೋಗುತ್ತದೆ, ಜೊತೆಗೆ ಅದರ ಭಾಷೆ ಗೊತ್ತಿರುವ ಒಬ್ಬರು ಹೋಗಬೇಕು. ವರ್ಷಗಳ ಮಟ್ಟಿಗೆ. ಯಾರು ಅಂತ ಕೇಳಬೇಕೇ?

"ನಾನು ಸಾಕಿದ ಎಂಜಿನ್ನು ನೀರಿನ ಮೇಲೆ ಹೋಗುತ್ತೆ," ಎಂದರು ನನಗೆ, ಕ್ಯಾನು ತೆಗೆದುಕೊಂಡು ಹೋಗಲು ಬಂದ ಬೆಳಿಗ್ಗೆ. ಕಣ್ಣು ಹೊಳೆಯುತ್ತಿತ್ತು. ಮತ್ತೆ ತಟ್ಟನೆ, "ನೀವೇನಂತೀರಿ?" ಅಂದರು.

ಏನನ್ನಲಿ? ಹೋಗಬೇಡಿ ಅನ್ನಲು ನಾನ್ಯಾರು? "ಒಳ್ಳೇದಾಯ್ತಲ್ಲ," ಅಂದೆ. "ಅಲ್ಲೂ ಯಾರಾದ್ರೂ ಊಟ ತಂದುಕೊಡ್ತಾರೆ ಬಿಡಿ."

ಅವರ ಮುಖ ಸಪ್ಪಗಾಯಿತು. ಕ್ಯಾನು ಎತ್ತಿಕೊಂಡು ಹೊರಟುಹೋದರು.

ಆ ಸಂಜೆ ಅತ್ತಿಗೆ ನನ್ನ ಮುಖ ನೋಡಿಯೇ ಎಲ್ಲ ಓದಿದಳು. ತಲೆಗೆ ಎಣ್ಣೆ ತಿಕ್ಕುತ್ತ, "ಬಾಯಿ ಬಿಟ್ಟು ಹೇಳೇ," ಎಂದಳು. "ಮನಸ್ಸಲ್ಲೇ ಮಂಡಿಗೆ ತಿಂದ್ರೆ ಹೊಟ್ಟೆ ತುಂಬುತ್ತಾ?"

"ಅವರ ಆಸೆಗೆ ಅಡ್ಡ ಬಂದ ಹಾಗಾಗುತ್ತೆ ಅತ್ತಿಗೆ."

"ನಿನ್ನ ಆಸೆ ಏನು ಅಂತ ಹೇಳೋದು ಅಡ್ಡ ಬರೋದಾ? ಅಯ್ಯೋ ಮಂಕೇ!" ಅಂತ ತಲೆಗೆ ಒಂದು ಮೊಟಕಿದಳು.

ಪರೀಕ್ಷೆಯ ದಿನ ಬಂತು. ಕೋಟಿನವರು ಗಾಜಿನ ಆಚೆ ಕೂತರು. ಕಿವಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಚಿಕ್ಕಮ್ಮ ಹೊಲಿದದ್ದು, ಕಾಲರ್ ಕತ್ತಿಯ ಹಾಗೆ ನಿಂತಿತ್ತು. ಎಂಜಿನ್ ಬೆಳಿಗ್ಗೆ ಹಿಡಿದ ಲಯ ಬಿಡಲಿಲ್ಲ. ಮಧ್ಯಾಹ್ನವಾಯಿತು. ಬಿಸಿಲು ಇಳಿಯಿತು. ನಿಜ ಹೇಳುತ್ತೇನೆ, ಬೆಳಿಗ್ಗೆಯಿಂದ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ಈ ಹಾಳು ಎಂಜಿನ್ ಒಮ್ಮೆ ನಿಲ್ಲಲಿ, ಒಂದೇ ಒಂದು ಸಲ ನಿಲ್ಲಲಿ ಅಂತ. ಬೇಡಿಕೊಂಡ ಮರುಕ್ಷಣ ಅವರ ಮುಖ ನೋಡಿ, ಛೆ, ಬೇಡ, ಓಡಲಿ ಅನ್ನುತ್ತಿದ್ದೆ.

ಒಂದೇ ಜಾಗದಲ್ಲಿ ಕೂತರೆ ಮೂಗು ಆ ಗಾಳಿಗೆ ಒಗ್ಗಿಹೋಗುತ್ತದೆ. ಅದಕ್ಕೇ ನಾನು ಆಗಾಗ ಅಂಗಳಕ್ಕೆ ಹೋಗಿ ಒಂದು ಸುತ್ತು ಹಾಕಿ ಬರುವ ರೂಢಿ. ಸಂಜೆಯಾಗಲು ಇನ್ನೇನು ಸ್ವಲ್ಪವೇ ಇದೆ ಅನ್ನುವಾಗ ಹಾಗೆ ಸುತ್ತು ಹಾಕಿ ಒಳಗೆ ಬಂದೆ. ಅಮೋನಿಯಾ ಸಿಲಿಂಡರುಗಳಿದ್ದ ಪಕ್ಕದ ಕೋಣೆಯ ಬಾಗಿಲು ದಾಟುವಾಗ ಮೂಗಿನ ತುದಿಗೆ ಏನೋ ಚುಚ್ಚಿದಂತಾಯಿತು.

ನಿಂತೆ. ಉಸಿರೆಳೆದೆ. ಬಂತು. ಇನ್ನೊಮ್ಮೆ ಎಳೆದೆ, ಬರಲಿಲ್ಲ. ಮೀಟರ್ ನೋಡಿದೆ, ಸೊನ್ನೆ.

ಬೇರೆ ದಿನವಾಗಿದ್ದರೆ ಯೋಚನೆಯೇ ಇಲ್ಲ, ಕೂಗಿರುತ್ತಿದ್ದೆ. ಆವತ್ತು ಕೂಗದೆ ತಡೆದೆ. ಎಂಜಿನ್ ನಿಲ್ಲಲಿ ಅಂತ ಬೆಳಿಗ್ಗೆಯಿಂದ ಬೇಡಿಕೊಂಡವಳಿಗೆ ಈಗ ವಾಸನೆ ಬಂದಿದೆ. ಇದು ಮೂಗು ಹೇಳುತ್ತಿರುವುದೋ, ಮನಸ್ಸು ಹೇಳುತ್ತಿರುವುದೋ? ಸುಳ್ಳು ವಾಸನೆಗೆ ಹೌದು ಹೌದು ಅಂದ ಮೂಗು ಇದು. ಈಗ ಕೂಗಿದರೆ ಕಿವಿಯವರು ಏನಂದುಕೊಂಡಾರು? "ನನ್ನನ್ನು ತಡೆಯಲು ನನ್ನ ಎಂಜಿನ್ನನ್ನೇ ಕೊಂದಳು" ಅನ್ನಲಾರರೇ?

ಮತ್ತೆ ಒಂದು ಎಳೆ ಬಂತು. ಸಣ್ಣದು, ಚೂಪು. ಗಾಜಿನ ಆಚೆ ಕೂತಿದ್ದ ಅಷ್ಟೂ ಜನ ಕಂಡರು.

"ವಾಸನೆ!" ಎಂದೆ. ಕೂಗಲು ಹೋದೆ, ಅರ್ಧ ದನಿಯೇ ಬಂದದ್ದು.

ಕಟ್ಟಳೆ ಇದ್ದದ್ದು ಕೇಳಬಾರದು ಅಂತ. ಆದರೆ ಆವತ್ತು ಎಲ್ಲರೂ ಒಂದು ಉಸಿರಿನಷ್ಟು ತಡೆದರು. ಕೋಟಿನವರು, "ಮೀಟರ್ ಸೊನ್ನೆ ಅಂತಿದೆಯಲ್ಲ?" ಎಂದರು. ಮೇಡಂ ನನ್ನನ್ನು ನೋಡಿದರು. ಆ ನೋಟದಲ್ಲಿ ಆ ಟೀ ಹೊತ್ತುಗಳೆಲ್ಲ ಇದ್ದವು. ತಮಗೆ ಅರಿವಿಲ್ಲದೆಯೇ ಅವರ ಬಾಯಿಂದ ಬಂದುಬಿಟ್ಟಿತು. "ಕಿವೀ, ನಿನಗೆ ಬಂತಾ?"

ಕಿವಿಯವರು ಒಮ್ಮೆ ಎಂಜಿನ್ನಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ನನಗೆ ಬಂದಿಲ್ಲ ಮೇಡಂ," ಎಂದರು. "ಆದ್ರೆ ಅವಳಿಗೆ ಬಂದಿದೆ."

ಅಂದವರೇ ಕೆಂಪು ವಾಲ್ವ್ ತಿರುಗಿಸಿದರು. ತಾವು ಸಾಕಿದ ಎಂಜಿನ್ನನ್ನು ದಡ ಮುಟ್ಟುವ ಹೊತ್ತಿಗೆ ತಮ್ಮ ಕೈಯಾರೆ ನಿಲ್ಲಿಸಿದರು. ಒಂದೆರಡು ಸಲ ಗುಟುಕರಿಸಿ ಅದು ಸುಮ್ಮನಾಯಿತು.

ಎಲ್ಲರೂ ಅಂಗಳಕ್ಕೆ ಬಂದೆವು. ಕೋಟಿನವರು ಗಡಿಯಾರ ನೋಡಿಕೊಂಡರು. ಯಾರಾದರೂ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ಜೋಡಣೆ ಜೋಡಣೆಗೂ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿದು ನೋಡಬೇಕು. ಅಮೋನಿಯಾ ಇದ್ದರೆ ಆ ಕಾಗದ ನೀಲಿಯಾಗುತ್ತದೆ. ಕಿವಿಯವರು ಮಾಸ್ಕಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ಹತ್ತಿರ ಹೋದೆ.

"ಸೋರಿಕೆ ಇಲ್ಲ ಅಂತಾದ್ರೆ?" ಎಂದೆ.

"ಮೂಗಿಗೆ ನೆಗಡಿ ಆಗಿತ್ತು ಅಂತೀನಿ. ಸುಳ್ಳು ಹೇಳಿದ್ಲು ಅಂತ ಅನ್ನಲ್ಲ," ಎಂದು ಮಾಸ್ಕನ್ನು ಮುಖದ ಮೇಲೆ ಎಳೆದುಕೊಂಡರು.

ಆಗ ನನಗೆ ಧೈರ್ಯ ಬಂತು. ಮುಖ ಕಾಣದಿದ್ದರೆ ಮಾತು ಸಲೀಸು.

"ನೀವು ಹೋಗೋದು ನನಗೆ ಇಷ್ಟ ಇಲ್ಲ," ಎಂದೆ, ಆ ಗಾಜಿನ ಕಣ್ಣುಗಳಿಗೆ. "ಬೆಳಿಗ್ಗೆಯಿಂದ ಇದು ನಿಲ್ಲಲಿ ಅಂತ ಬೇಡ್ಕೊಂಡಿದ್ದೀನಿ. ಆದ್ರೂ ವಾಸನೆ ಮಾತ್ರ ನಿಜ. ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಅದೂ ನಿಜ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಈಗ ಹೋಗಿ ನೋಡ್ಕೊಂಡು ಬನ್ನಿ."

ಗಾಜಿನ ಹಿಂದೆ ಕಣ್ಣು ದೊಡ್ಡದಾದದ್ದು ಕಂಡಿತು. ಮಾತಾಡುವ ಹಾಗಿರಲಿಲ್ಲ. ಬಾಗಿಲಿನ ಕಡೆ ನಡೆದರು. ಹೊಸ್ತಿಲಲ್ಲಿ ಎಡವಿದರು.

ಆ ಕಾಯುವಿಕೆ ನನ್ನ ವೈರಿಗೂ ಬೇಡ. ಮೇಡಂ ಬಂದು ನನ್ನ ಪಕ್ಕ ನಿಂತರು. "ನಾನು ಕೇಳಬಾರದಾಗಿತ್ತು ಕಣೇ," ಎಂದರು. ಅಷ್ಟೇ.

ಕಿವಿಯವರು ಹೊರಗೆ ಬಂದಾಗ ಕೈಯಲ್ಲಿದ್ದ ಕಾಗದ ಅಚ್ಚ ನೀಲಿ. ಸಿಲಿಂಡರಿನ ಕೋಣೆಯ ಮೂಲೆಯ ವಾಲ್ವಿನ ಒಳಗೆ ಸೋರದಂತೆ ತಡೆಯುವ ಪ್ಯಾಕಿಂಗ್ ಸವೆದು ಬಿರುಕು ಬಿಟ್ಟಿತ್ತು. ಮೀಟರ್ ಕಿಟಕಿಯ ಪಕ್ಕ ಇದ್ದದ್ದರಿಂದ ಹೊರಗಿನ ಗಾಳಿ ಬಡಿದು ಅದಕ್ಕೆ ಏನೂ ತಿಳಿದಿರಲಿಲ್ಲ. ಇನ್ನಷ್ಟು ಹೊತ್ತು ಓಡಿಸಿದ್ದರೆ ಆ ಪ್ಯಾಕಿಂಗ್ ಪೂರ್ತಿ ಕಿತ್ತುಬರುತ್ತಿತ್ತು ಎಂದರು ಮೇಡಂ. ಕೋಟಿನವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಸರಿಮಾಡಿ ಮತ್ತೆ ಕರೆಯಿರಿ ಎಂದು ಹೇಳಿ ಹೋದರು. ಬರುತ್ತೇವೆ ಅಂತ ಮಾತು ಕೊಡಲಿಲ್ಲ.

ಕಿವಿಯವರು ಮಾಸ್ಕ್ ತೆಗೆದರು. ಮುಖದ ಸುತ್ತ ರಬ್ಬರಿನ ಗೆರೆ, ಬೆವರಿಗೆ ಅಂಟಿದ ಕೂದಲು, ಚಿಕ್ಕಮ್ಮನ ಕಾಲರ್ ಮುದ್ದೆ.

"ಏನೋ ಹೇಳ್ತಿದ್ದೆಯಲ್ಲ? ಮಾಸ್ಕ್ ಒಳಗೆ ಕೇಳಿಸ್ಲಿಲ್ಲ."

"ಓಹೋ! ಪಕ್ಕದ ಕೋಣೆ ಹೊಲಿಗೆ ಮಿಷನ್ನಿಗೆ ಎಣ್ಣೆ ಕಮ್ಮಿಯಾದ್ರೆ ಕೇಳಿಸುತ್ತೆ, ನಾನು ಎದುರಿಗೆ ನಿಂತು ಕಿರುಚಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದರು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಅಮೋನಿಯಾದ್ದು ಅಂತ ಇವತ್ತಿಗೂ ವಾದ ಮಾಡುತ್ತಾರೆ. "ಇನ್ನೊಂದು ಸಲ ಕೇಳಬೇಕಿತ್ತು, ಅದಕ್ಕೆ."

"ಮೊದಲು ನಿಮ್ಮದು ಹೇಳಿ."

"ಓಟ ಮುಗಿದ ಮೇಲೆ ಹೇಳೋಣ ಅಂತ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದೆ. ನಿನ್ನ ಬಿಟ್ಟು ನನಗೆ ಆ ಬಂದರು ಬೇಡ ಅಂತ ಹೇಳೋಕೆ."

"ಬೇಡ ಅನ್ನಬಾರದು," ಎಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಎಂಜಿನ್ ನೀರಿನ ಮೇಲೆ ಹೋಗುತ್ತದೆ ಅಂದಾಗಿನ ಆ ಕಣ್ಣಿನ ಹೊಳಪು ನಾನು ನೋಡಿದ್ದೆ. ಅದನ್ನು ಕಿತ್ತುಕೊಂಡು ಮನೆಯಲ್ಲಿಟ್ಟುಕೊಂಡರೆ ನನಗೇನು ಸಿಕ್ಕೀತು?

ಕೋಟಿನವರು ಮತ್ತೆ ಬಂದರು. ವಾಲ್ವ್ ಹೊಸದು, ಮೀಟರಿಗೆ ಹೊಸ ಜಾಗ. ಆ ಸಲ ಮೇಡಂ ಎಲ್ಲರೆದುರು ಒಂದು ಮಾತು ಹೇಳಿದರು. "ಮೂಗು ವಾಸನೆ ಅಂದ್ರೆ ಅಲ್ಲಿಗೆ ಮುಗೀತು. ನಾನು ಯಾರನ್ನೂ ಕೇಳಲ್ಲ." ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಸುತ್ತಿದೆ, ಮೂಸಿದೆ, ಅಂಗಳಕ್ಕೆ ಹೋದೆ, ಬಂದೆ. ನನ್ನ ಕೈಯಲ್ಲಿ ಆ ದಿನ ಎಂಥ ಅಧಿಕಾರ ಇತ್ತು ಅಂದರೆ, ಒಂದು ಮಾತು ಅಂದಿದ್ದರೆ ಆ ಎಂಜಿನ್ ಇಲ್ಲೇ, ಕಿವಿಯವರೂ ಇಲ್ಲೇ. ಸಾಕ್ಷಿ ಕೇಳುವವರಿರಲಿಲ್ಲ. ಅವರಂತೂ ಕೇಳುತ್ತಲೇ ಇರಲಿಲ್ಲ.

ಗಾಳಿ ತಿಳಿಯಾಗಿತ್ತು. ಸಂಜೆ ಎಂಜಿನ್ನನ್ನು ನಿಲ್ಲಿಸಿದ್ದು ಕೋಟಿನವರೇ, ಚಪ್ಪಾಳೆ ತಟ್ಟುತ್ತ.

ಕಿವಿಯವರು ಬಂದರಿಗೆ ಹೋದರು. ಒಂದು ವರ್ಷ ಫೋನಿನಲ್ಲೇ ಮಾತು. ದೋಣಿ ಹೊರಡುವಾಗ ಫೋನನ್ನು ಎಂಜಿನ್ನಿಗೆ ಹಿಡಿದು, "ಕೇಳಿಸ್ತಾ?" ಅನ್ನುತ್ತಿದ್ದರು. ನನಗೆ ಬರೀ ಗುಡುಗುಡು. "ಏನಂತೆ?" ಅಂದರೆ, "ಯಾವಾಗ ಬರ್ತೀಯ ಅಂತ ಕೇಳ್ತಿದೆ," ಅನ್ನುತ್ತಿದ್ದರು. ಆಮೇಲೆ ಆ ಬಂದರಿನಲ್ಲೂ ಕರಿದ ಎಣ್ಣೆ ಸೋಸುವ ಶೆಡ್ಡು ಬೇಕಾಯಿತು, ನಾನು ಹೋದೆ, ಅತ್ತಿಗೆ ಅತ್ತಳು, ಅಣ್ಣ ಎದ್ದು ಬಂದು ಬಸ್ಸು ಹತ್ತಿಸಿದ. ಆ ಬಂದರಿನಲ್ಲಿ ನಾವು ಸಂಸಾರ ಹೂಡಿ ಎಷ್ಟೋ ಕಾಲವಾಯಿತು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ಎರಡನೆಯ ಓಟದ ಸಂಜೆ, ಚಪ್ಪಾಳೆ ಮುಗಿದು ಎಲ್ಲರೂ ಹೋದ ಮೇಲಿನ ಆ ಅಂಗಳ.

ಗೆದ್ದ ಮನುಷ್ಯ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು. ನಾನು ಹೋಗಿ ಪಕ್ಕ ನಿಂತೆ.

"ವಾಸನೆ ಅಂತ ಒಂದು ಸಲ ಹೇಳಬಹುದಿತ್ತಲ್ಲ ನೀನು," ಎಂದರು, ನನ್ನ ಕಡೆ ನೋಡದೆ.

"ಹೇಳಿದ್ರೆ ನಿಲ್ಲಿಸ್ತಿದ್ರಾ?"

"ನಿಲ್ಲಿಸ್ತಿದ್ದೆ."

"ಅದಕ್ಕೇ ಹೇಳಲಿಲ್ಲ," ಎಂದೆ.